ಮೊಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್: ಆ ಪುಟ್ಟ ಪಟ್ಟಣದ ನೆಲ, ಚರಿತ್ರೆ, ಆಡಳಿತದ ಬಗ್ಗೆ ತಿಳಿದವರು ವಿವರಿಸುವಿರಾ?

ಮಲೆನಾಡ ಓದುಗ (ಚಿಕ್ಕಮಗಳೂರು) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಜುಲೈ 1ರ ಪತ್ರಿಕಾ ದಿನಾಚರಣೆಗಾಗಿ ಮಕ್ಕಳಿಂದ ಒಂದು ಭಿತ್ತಿಪತ್ರ ಮಾಡಿಸುತ್ತಿದ್ದೇನೆ. 1843ರ ಅದೇ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಅವರ ವಿಷಯ ನಮ್ಮಲ್ಲಿ ಸಾಕಷ್ಟು ಸಿಗುತ್ತದೆ. ಆದರೆ ಅವರು 1811ರಲ್ಲಿ ಹುಟ್ಟಿದ ಬ್ರಾಕನ್‌ಹೈಮ್ ಎಂಬ ಊರಿನ ಬಗ್ಗೆ ಎಲ್ಲ ಬರಹಗಳೂ 'ಜರ್ಮನಿಯ ಒಂದು ಸಣ್ಣ ಪಟ್ಟಣ' ಎಂಬಲ್ಲಿಗೆ ನಿಲ್ಲುತ್ತವೆ. ಅದು ಯಾವ ಸೀಮೆಯಲ್ಲಿದೆ, ಅಲ್ಲಿನ ಜನ ಏನು ಬೆಳೆಯುತ್ತಾರೆ, ಊರು ಎಷ್ಟು ಹಳೆಯದು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಜೊತೆಗೆ ಆಡಳಿತಕ್ಕೆ ಸಂಬಂಧಿಸಿದ ಇನ್ನೊಂದು ಪ್ರಶ್ನೆಯಿದೆ. ಹಾಸನ ನಗರಸಭೆ ಮಹಾನಗರ ಪಾಲಿಕೆಯಾಗಿ ಸುತ್ತಲಿನ ಗ್ರಾಮಗಳು ಅದರ ಎಲ್ಲೆಯೊಳಗೆ ಬರುವ ವಿಷಯ ಎದ್ದಾಗಿನಿಂದ, ಸಣ್ಣ ಊರು ದೊಡ್ಡ ಊರಿಗೆ ಸೇರಿದರೆ ಅದರ ಮಾತಿಗೆ ಬೆಲೆ ಉಳಿಯುತ್ತದೆಯೇ ಎಂಬ ಚರ್ಚೆ ನಮ್ಮ ಶಿಕ್ಷಕರ ಕೊಠಡಿಯಲ್ಲಿಯೂ ನಡೆದಿದೆ. ಬ್ರಾಕನ್‌ಹೈಮ್ ಸಹ ಹಲವು ಹಳ್ಳಿಗಳನ್ನು ಸೇರಿಸಿಕೊಂಡು ಬೆಳೆದ ಪಟ್ಟಣವೆಂದು ಎಲ್ಲೋ ಓದಿದ ನೆನಪು. ಅಲ್ಲಿ ಪಟ್ಟಣವನ್ನು ನಡೆಸುವವರು ಯಾರು, ಅವರನ್ನು ಆರಿಸುವವರು ಯಾರು, ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನಮ್ಮ ಪುರಸಭೆ, ಪಟ್ಟಣ ಪಂಚಾಯಿತಿಗಳ ಪಕ್ಕದಲ್ಲಿಟ್ಟು ಯಾರಾದರೂ ವಿವರಿಸಬಲ್ಲಿರಾ?

ನೆಕಾರ್ ದಡದ ಹಾಸನಿಗ ಉತ್ತರಿಸಿದ್ದಾರೆ

ಮೇಷ್ಟ್ರೇ, ನಮಸ್ಕಾರ. ನಾನು ಹಾಸನದವನು, ಕೆಲಸದ ನಿಮಿತ್ತ ಹೈಲ್‌ಬ್ರಾನ್ ನಗರದ ಬಳಿ ವಾಸವಾಗಿದ್ದೇನೆ. ಬ್ರಾಕನ್‌ಹೈಮ್ ಇಲ್ಲಿಂದ ನೈಋತ್ಯಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಆದ್ದರಿಂದ ನೆಲದ ವಿಷಯವನ್ನು ನಾನು ಹೇಳುತ್ತೇನೆ, ಚರಿತ್ರೆಯನ್ನು ಬಲ್ಲವರಿಗೆ ಬಿಡುತ್ತೇನೆ.

ಜರ್ಮನಿಯ ನೈಋತ್ಯ ಭಾಗದ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ರಾಜಧಾನಿ ಸ್ಟುಟ್‌ಗಾರ್ಟ್‌ನ ಉತ್ತರಕ್ಕೆ, ಉತ್ತರದಲ್ಲಿ ಹಾಯ್ಕೆಲ್‌ಬರ್ಗ್ ಮತ್ತು ದಕ್ಷಿಣದಲ್ಲಿ ಸ್ಟ್ರೋಮ್‌ಬರ್ಗ್ ಎಂಬ ಎರಡು ತಗ್ಗು ಗುಡ್ಡಸಾಲುಗಳಿವೆ. ಅವುಗಳ ನಡುವಿನ ಅಗಲವಾದ ಕಣಿವೆಯಲ್ಲಿ ತ್ಸಾಬರ್ ಎಂಬ ಚಿಕ್ಕ ಹೊಳೆ ಪೂರ್ವಕ್ಕೆ ಹರಿದು, ಸುಮಾರು 22 ಕಿಲೋಮೀಟರ್ ಸಾಗಿ, ಲೌಫೆನ್ ಎಂಬ ಊರಿನಲ್ಲಿ ನೆಕಾರ್ ನದಿಯನ್ನು ಎಡದಂಡೆಯಿಂದ ಕೂಡಿಕೊಳ್ಳುತ್ತದೆ. ಈ ಹೊಳೆಯ ಹೆಸರಿನಿಂದಲೇ ಇಡೀ ಸೀಮೆಯನ್ನು ತ್ಸಾಬರ್‌ಗಾಯ್ ಎಂದು ಕರೆಯುತ್ತಾರೆ, ಬ್ರಾಕನ್‌ಹೈಮ್ ಅದರ ಮುಖ್ಯ ಪಟ್ಟಣ. ಗುಡ್ಡ ಎಂದ ಕೂಡಲೇ ಮುಳ್ಳಯ್ಯನಗಿರಿಯನ್ನು ಕಲ್ಪಿಸಿಕೊಳ್ಳಬೇಡಿ. ಸ್ಟ್ರೋಮ್‌ಬರ್ಗ್ ಸಾಲಿನ ಅತ್ಯುನ್ನತ ಶಿಖರವಾದ ಬೈಸೆಲ್ಸ್‌ಬರ್ಗ್‌ನ ಎತ್ತರ 477 ಮೀಟರು ಮಾತ್ರ. ಪಟ್ಟಣ ಸಮುದ್ರಮಟ್ಟದಿಂದ ಇನ್ನೂರು ಮೀಟರಿನ ಆಸುಪಾಸಿನಲ್ಲಿದೆ. ನಮ್ಮ ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿನ ಮೇಲಿದೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅಂತರ ಮನದಟ್ಟಾಗುತ್ತದೆ.

ಗುಡ್ಡಗಳು ಚಿಕ್ಕವಾದರೂ ಬೇಸಾಯವನ್ನು ತೀರ್ಮಾನಿಸುವುದು ಅವೇ. ಕಣಿವೆಯ ತಳದಲ್ಲಿ ಹಿಮಯುಗದ ಗಾಳಿ ತಂದು ಹಾಸಿದ ನಯವಾದ ಹಳದಿ ಮಣ್ಣಿದೆ, ಅಲ್ಲಿ ಗೋಧಿ ಮತ್ತು ಸಕ್ಕರೆ ಬೀಟ್ ಬೆಳೆಯುತ್ತಾರೆ. ಬಿಸಿಲಿಗೆ ಮುಖ ಮಾಡಿದ ಇಳಿಜಾರುಗಳ ಬಣ್ಣಬಣ್ಣದ ಸುಣ್ಣಮಿಶ್ರಿತ ಜೇಡಿಯಲ್ಲಿ ದ್ರಾಕ್ಷಿ, ಬೆಟ್ಟದ ನೆತ್ತಿಯಲ್ಲಿ ಕಾಡು. ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ದ್ರಾಕ್ಷಿ ತೋಟದ ವಿಸ್ತಾರದಲ್ಲಿ ಮೊದಲ ಸ್ಥಾನ ಈ ಪಟ್ಟಣದ್ದು, ಸುಮಾರು 800 ಹೆಕ್ಟೇರಿನಷ್ಟು ತೋಟ ಇದರ ಎಲ್ಲೆಯಲ್ಲಿದೆ. ಮುಖ್ಯವಾಗಿ ಕೆಂಪು ದ್ರಾಕ್ಷಾರಸಕ್ಕೆ ಬರುವ ಲೆಂಬರ್ಗರ್, ಟ್ರೋಲಿಂಗರ್ ತಳಿಗಳು ಇಲ್ಲಿನವು. ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿದಾರರು. ತಾವು ಬೆಳೆದ ಹಣ್ಣನ್ನು ಸಹಕಾರ ಸಂಘಕ್ಕೆ ಹಾಕುತ್ತಾರೆ, ಹಿಂಡುವುದು, ಮಾಗಿಸುವುದು, ಮಾರುವುದು ಸಂಘದ ಜವಾಬ್ದಾರಿ. ಇದೇ ಜಿಲ್ಲೆಯ ನೆಕಾರ್‌ಸುಲ್ಮ್‌ನಲ್ಲಿ 1855ರಲ್ಲಿಯೇ ಅಂತಹ ಸಂಘ ಹುಟ್ಟಿತ್ತು.

ಹಿಡುವಳಿ ಏಕೆ ಅಷ್ಟು ಚಿಕ್ಕದು ಎಂಬುದಕ್ಕೆ ಕಾರಣ ಆಸ್ತಿ ಹಂಚಿಕೆಯಲ್ಲಿದೆ. ಜರ್ಮನಿಯ ಅನೇಕ ಕಡೆ ಜಮೀನು ಒಬ್ಬನೇ ಮಗನಿಗೆ ಹೋಗುತ್ತಿದ್ದರೆ, ಈ ಸೀಮೆಯಲ್ಲಿ ಎಲ್ಲ ಮಕ್ಕಳಿಗೂ ಸಮಪಾಲು ಮಾಡುವ ರೂಢಿಯಿತ್ತು. ಹಾಗಾಗಿ ತಲೆಮಾರು ಕಳೆದಂತೆ ತುಂಡುಗಳು ಕಿರಿದಾದವು, ಬೆಳೆ ಕೈಕೊಟ್ಟ ವರ್ಷಗಳಲ್ಲಿ ಜನ ಅಮೆರಿಕಕ್ಕೋ ರಷ್ಯಾಕ್ಕೋ ಗುಳೆ ಹೋದರು, ಉಳಿದವರು ತೋಟದ ಜೊತೆಗೆ ಕಸುಬನ್ನೂ ಹಿಡಿದರು. ಇಂದಿಗೂ ಹಗಲು ಕಾರ್ಖಾನೆಯಲ್ಲಿ ದುಡಿದು ಸಂಜೆ ದ್ರಾಕ್ಷಿ ಬಳ್ಳಿ ಕತ್ತರಿಸುವವರು ಇಲ್ಲಿ ಸಿಗುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಸರ್ಕಾರವೇ ಮುಂದೆ ನಿಂತು ಈ ಚೂರುಗಳನ್ನು ಒಟ್ಟುಗೂಡಿಸಿ, ತೋಟಗಳ ನಡುವೆ ಟ್ರ್ಯಾಕ್ಟರ್ ಹೋಗುವಂತೆ ದಾರಿ ಮಾಡಿಸಿತು. ಅಂದಗೆಟ್ಟಿತು ಎಂದು ಗೊಣಗುವವರಿದ್ದಾರೆ, ಆದರೆ ಆ ಕೆಲಸ ಆಗದಿದ್ದರೆ ಇಳಿಜಾರಿನ ತೋಟಗಳು ಪಾಳು ಬೀಳುತ್ತಿದ್ದವು ಎಂಬುದು ನನ್ನ ಅನಿಸಿಕೆ.

ಪಟ್ಟಣದ ವಿಸ್ತೀರ್ಣ ಸುಮಾರು 46 ಚದರ ಕಿಲೋಮೀಟರು, ಜನಸಂಖ್ಯೆ ಸುಮಾರು 16,000.

ಶಾಸನಾಸಕ್ತ (ಬೇಲೂರು) ಉತ್ತರಿಸಿದ್ದಾರೆ

ಚರಿತ್ರೆಯ ಭಾಗವನ್ನು ನಾನು ತುಂಬುತ್ತೇನೆ.

ಈ ಕಣಿವೆಯಲ್ಲಿ ರೋಮನ್ನರು ಒಕ್ಕಲು ಮಾಡಿದ್ದರು. ಇಂದು ಬ್ರಾಕನ್‌ಹೈಮ್‌ಗೆ ಸೇರಿರುವ ಹೌಸನ್ ಎಂಬ ಹಳ್ಳಿಯಲ್ಲಿ 1964ರಲ್ಲಿ ಒಂದು ಎತ್ತರದ ಕಲ್ಲುಕಂಬದ ತುಂಡುಗಳು ಸಿಕ್ಕವು. ತುದಿಯಲ್ಲಿ ಕುದುರೆಯೇರಿದ ಜೂಪಿಟರ್ ದೇವತೆ ರಾಕ್ಷಸನೊಬ್ಬನನ್ನು ತುಳಿಯುತ್ತಿರುವ ಶಿಲ್ಪವಿದೆ. ಒಬ್ಬ ಜಮೀನುದಾರ ಹರಕೆಯಾಗಿ ನಿಲ್ಲಿಸಿದ ಇಂತಹ ಕಂಬಗಳು ಆ ಪ್ರಾಂತ್ಯದಲ್ಲಿ ಹಲವು ಇದ್ದರೂ ಇಷ್ಟು ಪೂರ್ಣವಾಗಿ ದೊರೆತದ್ದು ಅಪರೂಪ. ಕ್ರಿ.ಶ. 260ರ ಸುಮಾರಿಗೆ ರೋಮನ್ನರು ರೈನ್ ನದಿಯ ಆಚೆಗೆ ಹಿಂದೆ ಸರಿದರು, ಅಲೆಮಾನಿ ಪಂಗಡದವರು ನೆಲೆಸಿದರು. ಸುತ್ತಲಿನ ಹೆಚ್ಚಿನ ಹಳ್ಳಿಗಳ ಮೂಲ ಆನಂತರದ ಶತಮಾನಗಳಲ್ಲಿದೆ.

ಪಟ್ಟಣ ಪಟ್ಟಣವೆನಿಸಿಕೊಂಡದ್ದು 1280ರಲ್ಲಿ, ಹ್ಯಾಬ್ಸ್‌ಬರ್ಗ್ ಮನೆತನದ ದೊರೆ ಒಂದನೆಯ ರುಡಾಲ್ಫನು ಅದಕ್ಕೆ ಪಟ್ಟಣದ ಹಕ್ಕುಗಳನ್ನು ಕೊಟ್ಟಾಗ. ಆಗ ನಮ್ಮ ದೋರಸಮುದ್ರದಲ್ಲಿ ಮೂರನೆಯ ನರಸಿಂಹ ಆಳುತ್ತಿದ್ದ. ಈ ಹಕ್ಕು ಎಂದರೆ ಕೋಟೆಗೋಡೆ ಕಟ್ಟಿಕೊಳ್ಳುವುದು, ಸಂತೆ ನಡೆಸುವುದು, ತಮ್ಮದೇ ನ್ಯಾಯಸ್ಥಾನ ಇಟ್ಟುಕೊಳ್ಳುವುದು. ನಮ್ಮಲ್ಲಿ ಅಗ್ರಹಾರದ ಮಹಾಜನರಿಗೂ ಪಟ್ಟಣಸ್ವಾಮಿಗೂ ಶಾಸನಗಳಲ್ಲಿ ಕಾಣುವ ಅಧಿಕಾರದೊಡನೆ ಅದನ್ನು ಹೋಲಿಸಬಹುದಾದರೂ, ಅಲ್ಲಿನ ಹಕ್ಕುಪತ್ರ ಊರಿಗೆ ಊರೇ ಪಡೆದದ್ದು ಎಂಬುದು ಮುಖ್ಯ ವ್ಯತ್ಯಾಸ. ಅದಕ್ಕೆ ಮುನ್ನ ಆ ಸೀಮೆ ಮಾಗೆನ್‌ಹೈಮ್ ಎಂಬ ಪಾಳೆಯಗಾರ ಮನೆತನದ ಕೈಯಲ್ಲಿತ್ತು. ಅವರ ಸ್ಥಿತಿ ಕುಂದಿದ ಮೇಲೆ, 1321ರಲ್ಲಿ, ಅಂದರೆ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ಬಿದ್ದ ಹತ್ತು ವರ್ಷಗಳ ನಂತರ, ಬ್ರಾಕನ್‌ಹೈಮ್ ಕ್ರಯಕ್ಕೆ ಹೋಗಿ ವುರ್ಟೆಂಬರ್ಗ್ ಅರಸರ ಪಾಲಾಯಿತು. ಅಲ್ಲಿಂದ ಮುಂದೆ ಅದು ಆ ಅರಸರ ಒಂದು ತಾಲ್ಲೂಕು ಕೇಂದ್ರ. ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಅರಮನೆ ಈಗಲೂ ಊರೊಳಗಿದೆ.

1534ರಲ್ಲಿ ಡ್ಯೂಕ್ ಉಲ್ರಿಚ್ ತನ್ನ ರಾಜ್ಯವನ್ನು ಪ್ರೊಟೆಸ್ಟಂಟ್ ಮತಕ್ಕೆ ತಿರುಗಿಸಿದ. ಆದರೆ ಪಕ್ಕದಲ್ಲೇ ಇದ್ದ ಸ್ಟಾಕ್‌ಹೈಮ್ ಹಳ್ಳಿ ಟ್ಯೂಟಾನಿಕ್ ಎಂಬ ಯೋಧ ಸನ್ಯಾಸಿಗಳ ಸಂಘಕ್ಕೆ ಸೇರಿದ್ದರಿಂದ ಕ್ಯಾಥೊಲಿಕ್ ಆಗಿಯೇ ಉಳಿಯಿತು. ನೈಪರ್ಗ್ ಹಳ್ಳಿ ಅದೇ ಹೆಸರಿನ ಕೌಂಟ್ ಮನೆತನದ್ದು. ನೆಪೋಲಿಯನ್ನನ ಎರಡನೆಯ ಪತ್ನಿ ಮಾರಿ ಲೂಯಿಸಳನ್ನು ಮುಂದೆ ಮದುವೆಯಾದ ಆಡಂ ಆಲ್ಬರ್ಟ್ ಫಾನ್ ನೈಪರ್ಗ್ ಈ ಮನೆತನದವನೇ. ಒಂದೆರಡು ಹರದಾರಿಯೊಳಗಿನ ಹಳ್ಳಿಗಳಿಗೆ ಬೇರೆ ಬೇರೆ ಒಡೆಯರು, ಬೇರೆ ಬೇರೆ ಚರ್ಚು, ಬೇರೆ ಬೇರೆ ಕಾನೂನು ಎಂಬ ಸ್ಥಿತಿ 1800ರವರೆಗೂ ಇತ್ತು. ನೆಪೋಲಿಯನ್ ಕಾಲದ ಬದಲಾವಣೆಗಳಲ್ಲಿ ವುರ್ಟೆಂಬರ್ಗ್ 1806ರಲ್ಲಿ ರಾಜ್ಯದ ಪಟ್ಟಕ್ಕೇರಿ ಇವನ್ನೆಲ್ಲ ನುಂಗಿತು. ಮೇಷ್ಟ್ರು ಕೇಳಿರುವ ಹಳ್ಳಿಗಳ ಸೇರ್ಪಡೆಯ ಪ್ರಶ್ನೆಗೆ ಈ ಹಿನ್ನೆಲೆ ಬೇಕಾಗುತ್ತದೆ, ಏಕೆಂದರೆ ಆ ಹಳ್ಳಿಗಳು ತಮ್ಮನ್ನು ಬ್ರಾಕನ್‌ಹೈಮ್‌ನ ಬಡಾವಣೆಗಳೆಂದು ಎಂದೂ ಭಾವಿಸಿರಲಿಲ್ಲ.

ಮೊಗ್ಲಿಂಗ್ ಹುಟ್ಟಿದ್ದು ಹೀಗೆ ಹೊಸ ರಾಜ್ಯ ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ವುರ್ಟೆಂಬರ್ಗ್‌ನಲ್ಲಿ ಭಕ್ತಿಪಂಥದ ಪ್ರೊಟೆಸ್ಟಂಟರು ಬಹಳ ಪ್ರಬಲರಾಗಿದ್ದರು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್‌ಗೆ ಜನರನ್ನು ಒದಗಿಸಿದ ಮುಖ್ಯ ಪ್ರದೇಶಗಳಲ್ಲಿ ಇದೂ ಒಂದು. ಟುಬಿಂಗೆನ್‌ನಲ್ಲಿ ಓದಿದ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. 1850ರ ದಶಕದಲ್ಲಿ ಕೊಡಗಿನಲ್ಲಿಯೂ ಇದ್ದರು. 1858ರಲ್ಲಿ ಟುಬಿಂಗೆನ್ ವಿಶ್ವವಿದ್ಯಾಲಯ ಅವರ ಕನ್ನಡ ಗ್ರಂಥ ಸಂಪಾದನೆಗಾಗಿ ಗೌರವ ಡಾಕ್ಟರೇಟ್ ನೀಡಿತು, 1860ರಲ್ಲಿ ಅವರು ಭಾರತವನ್ನು ಬಿಟ್ಟರು, 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ನಿಮ್ಮ ಭಿತ್ತಿಪತ್ರಕ್ಕೆ ಇಷ್ಟು ಸಾಕಾಗಬಹುದು.

ಆದರೆ ಬ್ರಾಕನ್‌ಹೈಮ್‌ನವರು ತಮ್ಮ ಊರಿನ ಹೆಮ್ಮೆಯೆಂದು ಮೊದಲು ಹೇಳುವ ಹೆಸರು ಮೊಗ್ಲಿಂಗ್ ಅವರದಲ್ಲ, ತಿಯೋಡೋರ್ ಹಾಯ್ಸ್ ಅವರದು. 1884ರಲ್ಲಿ ಅಲ್ಲಿ ಹುಟ್ಟಿದ ಹಾಯ್ಸ್ 1949ರಿಂದ 1959ರವರೆಗೆ ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಪತಿಯಾಗಿದ್ದರು. ಅವರ ಡಾಕ್ಟರೇಟ್ ಪ್ರಬಂಧದ ವಿಷಯ ಹೈಲ್‌ಬ್ರಾನ್‌ನ ದ್ರಾಕ್ಷಿ ಬೇಸಾಯ ಮತ್ತು ಬೆಳೆಗಾರರ ಸ್ಥಿತಿಗತಿ ಎಂಬುದು ಹಾಸನಿಗರು ಮೇಲೆ ಬರೆದ ಮಾತಿಗೆ ಚೆನ್ನಾಗಿ ಕೂಡುತ್ತದೆ. ಊರಿನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವೂ ಇದೆ.

ಇನ್ನು ಆಡಳಿತದ ದೃಷ್ಟಿಯಿಂದ ನೆನಪಿಡಬೇಕಾದ ವರ್ಷ 1926. ಶತಮಾನಗಳ ಕಾಲ ತಾಲ್ಲೂಕು ಕೇಂದ್ರವಾಗಿದ್ದ ಬ್ರಾಕನ್‌ಹೈಮ್ ಆ ವರ್ಷ ಆ ಸ್ಥಾನವನ್ನು ಕಳೆದುಕೊಂಡಿತು. ತಾಲ್ಲೂಕನ್ನೇ ರದ್ದುಮಾಡಿ ಹೆಚ್ಚಿನ ಭಾಗವನ್ನು ಹೈಲ್‌ಬ್ರಾನ್‌ಗೆ ಹಚ್ಚಿದರು. ಕಚೇರಿ ಹೋದ ಊರಿನಲ್ಲಿ ವ್ಯಾಪಾರ ಹೇಗೆ ತಗ್ಗುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತ ಮುಖ್ಯಾಧಿಕಾರಿ (ಹಾಸನ ಜಿಲ್ಲೆ) ಉತ್ತರಿಸಿದ್ದಾರೆ

ನಾನು ಪಟ್ಟಣ ಪಂಚಾಯಿತಿ, ಪುರಸಭೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಬಾಡೆನ್-ವುರ್ಟೆಂಬರ್ಗ್‌ನ ಸ್ಥಳೀಯ ಸಂಸ್ಥೆಗಳ ಕಾಯ್ದೆಯನ್ನು ಕುತೂಹಲದಿಂದ ಓದಿಕೊಂಡಿದ್ದೇನೆ. ಆಡಳಿತದ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ದೀರ್ಘವಾಗುತ್ತದೆ, ಸಹಿಸಿಕೊಳ್ಳಬೇಕು.

ಮೊದಲು ಗಾತ್ರ. 16,000 ಜನ ಎಂದರೆ ನಮ್ಮ ಲೆಕ್ಕದಲ್ಲಿ ಅದು ಪಟ್ಟಣ ಪಂಚಾಯಿತಿ. ಪುರಸಭೆಯಾಗಲು 20,000 ಬೇಕು. ಆದರೆ ನಮ್ಮಲ್ಲಿ ಜನಸಂಖ್ಯೆಯ ಮೇಲೆ ಸಂಸ್ಥೆಯ ದರ್ಜೆ ಬದಲಾಗುವಂತೆ ಅಲ್ಲಿ ಮೂಲ ಅಧಿಕಾರ ಬದಲಾಗುವುದಿಲ್ಲ. ಸಾವಿರ ಜನರ ಹಳ್ಳಿಗೂ ಬ್ರಾಕನ್‌ಹೈಮ್‌ಗೂ ಒಂದೇ ಕಾಯ್ದೆ. 1949ರ ಜರ್ಮನ್ ಸಂವಿಧಾನದ 28ನೆಯ ವಿಧಿ, ಸ್ಥಳೀಯ ಸಮುದಾಯದ ಎಲ್ಲ ವಿಷಯಗಳನ್ನೂ ಕಾನೂನಿನ ಚೌಕಟ್ಟಿನೊಳಗೆ ತಮ್ಮದೇ ಹೊಣೆಯಲ್ಲಿ ನಿರ್ವಹಿಸುವ ಹಕ್ಕನ್ನು ಊರುಗಳಿಗೆ ನೇರವಾಗಿ ಕೊಟ್ಟಿದೆ. ನಮ್ಮ 74ನೆಯ ತಿದ್ದುಪಡಿ ನಗರಸಂಸ್ಥೆಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟಿತೇನೋ ನಿಜ, ಆದರೆ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಯಾವುದನ್ನು ಎಷ್ಟು ವಹಿಸಿಕೊಡಬೇಕು ಎಂಬುದನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಸಂವಿಧಾನದಲ್ಲಿ ಹೆಸರು ಬರುವುದಕ್ಕೂ ಅಧಿಕಾರ ಬರುವುದಕ್ಕೂ ನಡುವೆ ಇರುವ ಅಂತರವನ್ನು ನನ್ನ ಸೇವಾವಧಿಯುದ್ದಕ್ಕೂ ನೋಡಿದ್ದೇನೆ.

ಎರಡನೆಯದು ಮೇಯರ್. ಎಲ್ಲ ವ್ಯತ್ಯಾಸಗಳಿಗೂ ಮೂಲ ಇದೇ ಎಂದು ನಾನು ಹೇಳುತ್ತೇನೆ. ಅಲ್ಲಿ ಮೇಯರನ್ನು ಊರಿನ ಮತದಾರರು ನೇರವಾಗಿ ಎಂಟು ವರ್ಷಗಳಿಗೆ ಆರಿಸುತ್ತಾರೆ. ಆತ ಅಥವಾ ಆಕೆ ಸಂಬಳ ಪಡೆಯುವ ಪೂರ್ಣಾವಧಿ ಅಧಿಕಾರಿ, ಪುರಸಭೆಯ ಸಭೆಗೆ ಮತದ ಹಕ್ಕಿರುವ ಅಧ್ಯಕ್ಷರು, ಕಚೇರಿಯ ಎಲ್ಲ ನೌಕರರ ಮೇಲಧಿಕಾರಿ, ಕಾಗದಪತ್ರಗಳಿಗೆ ಪಟ್ಟಣದ ಪರವಾಗಿ ಸಹಿ ಹಾಕುವವರು. ನಮ್ಮಲ್ಲಿ ಈ ಕೆಲಸ ಇಬ್ಬರಿಗೆ ಹಂಚಿಹೋಗಿದೆ. ಸದಸ್ಯರು ತಮ್ಮೊಳಗಿಂದ ಮೀಸಲಾತಿ ಪಟ್ಟಿಯ ಪ್ರಕಾರ 30 ತಿಂಗಳ ಅವಧಿಗೆ ಆರಿಸುವ ಅಧ್ಯಕ್ಷರು ಒಬ್ಬರು. ಸರ್ಕಾರ ನೇಮಿಸಿ, ಸರ್ಕಾರವೇ ವರ್ಗಾಯಿಸುವ ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರು ಇನ್ನೊಬ್ಬರು. ಚರಂಡಿ ತುಂಬಿದರೆ ಜನ ಅಧ್ಯಕ್ಷರನ್ನು ಕೇಳುತ್ತಾರೆ, ಅಧ್ಯಕ್ಷರು ಮುಖ್ಯಾಧಿಕಾರಿಯನ್ನು ಕೇಳುತ್ತಾರೆ, ಮುಖ್ಯಾಧಿಕಾರಿ ಅನುದಾನದ ಕಡೆ ಕೈ ತೋರಿಸುತ್ತಾನೆ. ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದರೆ ಅಧ್ಯಕ್ಷರೇ ಇಲ್ಲದೆ ಆಡಳಿತಾಧಿಕಾರಿಯ ಕೈಗೆ ಊರು ಹೋಗುತ್ತದೆ. 2018ರಲ್ಲಿ ಚುನಾವಣೆ ನಡೆದ ಹಲವು ಸಂಸ್ಥೆಗಳಲ್ಲಿ ಅಧ್ಯಕ್ಷರ ಆಯ್ಕೆಯಾದದ್ದು 2020ರಲ್ಲಿ. ಅಲ್ಲಿ ಬೆರಳು ತೋರಿಸಬೇಕಾದ ವ್ಯಕ್ತಿ ಒಬ್ಬರೇ.

ಹಾಗೆಂದು ಅಲ್ಲಿನದೆಲ್ಲ ಚಿನ್ನವೆಂದಲ್ಲ. ಎಂಟು ವರ್ಷದ ಮೇಯರನ್ನು ನಡುವೆ ಇಳಿಸಲು ಆ ರಾಜ್ಯದ ಮತದಾರರಿಗೆ ಅವಕಾಶವಿಲ್ಲ. ನಮ್ಮಲ್ಲಿ ಅವಿಶ್ವಾಸ ನಿರ್ಣಯವೆಂಬ ಅಸ್ತ್ರವಾದರೂ ಉಂಟು. ಮೀಸಲಾತಿಯ ವಿಷಯದಲ್ಲಿಯೂ ನಾವೇ ಮುಂದಿದ್ದೇವೆ. ನಮ್ಮ ಪುರಸಭೆಗಳಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಸ್ಥಾನ ಕಾಯ್ದೆಯಿಂದಲೇ ಖಚಿತ, ಅಲ್ಲಿ ಅಂತಹ ಮೀಸಲಾತಿ ಇಲ್ಲ.

ಅಲ್ಲಿನ ಪುರಸಭೆಯ ಸದಸ್ಯರ ಅವಧಿ ಐದು ವರ್ಷ. ಹತ್ತರಿಂದ ಇಪ್ಪತ್ತು ಸಾವಿರ ಜನರ ಊರಿಗೆ ಕಾಯ್ದೆ ಹೇಳುವ ಸಾಮಾನ್ಯ ಸಂಖ್ಯೆ 22. ಅವರಿಗೆ ಸಂಬಳವಿಲ್ಲ, ಸಭೆಯ ಭತ್ಯೆ ಮಾತ್ರ. ವೈದ್ಯರು, ಬೆಳೆಗಾರರು, ಶಿಕ್ಷಕರು ತಮ್ಮ ಕೆಲಸದ ಜೊತೆಗೇ ಸದಸ್ಯರಾಗಿರುತ್ತಾರೆ. ಪಕ್ಷಗಳ ಜೊತೆಗೆ ಪಕ್ಷಾತೀತ ಸ್ಥಳೀಯ ಮತದಾರರ ಕೂಟಗಳಿಗೂ ಆ ರಾಜ್ಯದಲ್ಲಿ ಬಹಳ ಬಲವಿದೆ. ಶಾಸಕರೂ ಸಂಸದರೂ ಹುದ್ದೆಯ ಬಲದಿಂದ ಸಭೆಯಲ್ಲಿ ಕುಳಿತು ಮತ ಹಾಕುವ ನಮ್ಮ ಪದ್ಧತಿ ಅಲ್ಲಿಲ್ಲ.

ಹಣದ ವಿಷಯ. ಪಟ್ಟಣಕ್ಕೆ ಮುಖ್ಯ ಮೂಲಗಳು ಭೂಮಿ ಮತ್ತು ಕಟ್ಟಡದ ಮೇಲಿನ ತೆರಿಗೆ, ಉದ್ಯಮ ತೆರಿಗೆ, ಆದಾಯ ತೆರಿಗೆಯಲ್ಲಿ ಶೇ. 15ರ ಪಾಲು, ಮಾರಾಟ ತೆರಿಗೆಯಲ್ಲಿ ಒಂದು ಸಣ್ಣ ಪಾಲು, ಮೇಲೆ ರಾಜ್ಯದ ಅನುದಾನ. ಉದ್ಯಮ ತೆರಿಗೆಯನ್ನು ಲೆಕ್ಕ ಹಾಕುವ ಕ್ರಮವನ್ನು ಮಕ್ಕಳಿಗೂ ಹೇಳಬಹುದು. ಲಾಭದ ಮೇಲೆ ಶೇ. 3.5 ಎಂಬ ಮೂಲದರವನ್ನು ರಾಷ್ಟ್ರೀಯ ಕಾನೂನು ನಿಗದಿ ಮಾಡಿದೆ, ಅದನ್ನು ಎಷ್ಟರಿಂದ ಗುಣಿಸಬೇಕು ಎಂಬುದನ್ನು ಪುರಸಭೆ ತೀರ್ಮಾನಿಸುತ್ತದೆ. ಪುರಸಭೆ ಶೇ. 400 ಎಂದು ಗೊತ್ತುಮಾಡಿದರೆ ತೆರಿಗೆ ಲಾಭದ ಶೇ. 14 ಆಗುತ್ತದೆ. ಗುಣಕ ಹೆಚ್ಚಿಸಿದರೆ ಕಾರ್ಖಾನೆ ಪಕ್ಕದ ಊರಿಗೆ ಹೋದೀತೆಂಬ ಭಯ, ತಗ್ಗಿಸಿದರೆ ಶಿಶುವಿಹಾರಕ್ಕೆ ಹಣವಿಲ್ಲ. ಹೀಗಾಗಿ ವರ್ಷದ ಬಿಸಿ ಚರ್ಚೆಯೆಲ್ಲ ಈ ಒಂದು ಅಂಕಿಯ ಸುತ್ತ. ಭೂಮಿ ತೆರಿಗೆಯ ಹಳೆಯ ಮೌಲ್ಯಮಾಪನವನ್ನು ಜರ್ಮನಿಯ ಸಂವಿಧಾನ ನ್ಯಾಯಾಲಯ 2018ರಲ್ಲಿ ತಳ್ಳಿಹಾಕಿದ್ದರಿಂದ, ಬಾಡೆನ್-ವುರ್ಟೆಂಬರ್ಗ್ 2025ರಿಂದ ಕಟ್ಟಡವನ್ನು ಲೆಕ್ಕಿಸದೆ ನಿವೇಶನದ ಬೆಲೆಯನ್ನು ಮಾತ್ರ ಹಿಡಿಯುವ ಕ್ರಮಕ್ಕೆ ಹೋಗಿದೆ. ದೊಡ್ಡ ಹಿತ್ತಲಿನ ಹಳೆಯ ಮನೆಯವರಿಗೆ ಇದು ಹೊರೆ ಎಂಬ ಆಕ್ಷೇಪಣೆ ಸಹಜವಾಗಿಯೇ ಎದ್ದಿದೆ. ನಮ್ಮ ಪುರಸಭೆಗಳ ಕೈಯಲ್ಲಿ ಆಸ್ತಿ ತೆರಿಗೆಯೊಂದನ್ನು ಬಿಟ್ಟರೆ ಹೇಳಿಕೊಳ್ಳುವಂತಹ ಸ್ವಂತ ತೆರಿಗೆಯಿಲ್ಲ. ವೃತ್ತಿ ತೆರಿಗೆಯೂ ರಾಜ್ಯಕ್ಕೇ ಹೋಗುತ್ತದೆ.

ಮೇಲಿನ ಹಂತದಲ್ಲಿ ಹೈಲ್‌ಬ್ರಾನ್ ಜಿಲ್ಲೆಯಿದೆ, ಅದರಲ್ಲಿ 46 ಊರುಗಳು. ವಿಚಿತ್ರವೆಂದರೆ ಹೈಲ್‌ಬ್ರಾನ್ ನಗರವೇ ಆ ಜಿಲ್ಲೆಗೆ ಸೇರಿಲ್ಲ, ಅದು ಸ್ವತಃ ಜಿಲ್ಲೆಯ ಸ್ಥಾನಮಾನದ ನಗರ. ಜಿಲ್ಲೆಯ ಮುಖ್ಯಸ್ಥರನ್ನು ಸರ್ಕಾರ ಕಳುಹಿಸುವುದಿಲ್ಲ, ಜನರಿಂದ ಆಯ್ಕೆಯಾದ ಜಿಲ್ಲಾ ಸಭೆ ಎಂಟು ವರ್ಷಗಳಿಗೆ ಆರಿಸುತ್ತದೆ. ಕಸ ವಿಲೇವಾರಿ, ಸಾಮಾಜಿಕ ನೆರವು, ವೃತ್ತಿಶಿಕ್ಷಣ ಶಾಲೆಗಳು ಮುಂತಾದವು ಜಿಲ್ಲೆಯ ಕೆಲಸ, ಅದರ ಖರ್ಚಿಗೆ ಊರುಗಳು ವಂತಿಗೆ ಕೊಡಬೇಕು. ಬ್ರಾಕನ್‌ಹೈಮ್‌ನ ಬಜೆಟ್ಟು, ಸಾಲ ಇವುಗಳ ಕಾನೂನುಬದ್ಧತೆಯನ್ನು ಪರಿಶೀಲಿಸುವುದೂ ಜಿಲ್ಲಾ ಕಚೇರಿಯೇ.

ಸಕಲೇಶಪುರದ ಬೆಳೆಗಾರ ಉತ್ತರಿಸಿದ್ದಾರೆ

ಮುಖ್ಯಾಧಿಕಾರಿಗಳ ವಿವರಣೆ ಉಪಯುಕ್ತವಾಗಿದೆ. ಆದರೆ ಹೋಲಿಕೆಯನ್ನು ಪೂರ್ತಿ ಒಪ್ಪಲಾರೆ. ಉದ್ಯಮ ತೆರಿಗೆಯನ್ನು ನೆಚ್ಚಿಕೊಂಡ ಊರಿಗೆ ಕಾರ್ಖಾನೆಯಿದ್ದರೆ ಸಿರಿ, ಇಲ್ಲದಿದ್ದರೆ ಬಡತನ. ಇದೇ ಹೈಲ್‌ಬ್ರಾನ್ ಜಿಲ್ಲೆಯ ನೆಕಾರ್‌ಸುಲ್ಮ್‌ನಲ್ಲಿ ಆಡಿ ಕಾರಿನ ಕಾರ್ಖಾನೆಯಿದೆ. ದ್ರಾಕ್ಷಿ ಬೆಳೆಯುವ ಊರು ಅದರೊಡನೆ ಹೇಗೆ ಸರಿಗಟ್ಟಬೇಕು? ಕಾರು ಮಾರಾಟ ಕುಸಿದ ವರ್ಷ ಕಾರ್ಖಾನೆಯ ಊರಿನ ಬೊಕ್ಕಸವೂ ಕುಸಿಯುತ್ತದೆ. ನಮ್ಮ ಸಕಲೇಶಪುರ, ಮೂಡಿಗೆರೆ, ಕೊಪ್ಪದಂತಹ ಊರುಗಳಿಗೆ ಅಂತಹ ತೆರಿಗೆ ಹಾಕುವ ಹಕ್ಕು ನಾಳೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ತೋಟಗಳಿರುವುದು ಗ್ರಾಮ ಪಂಚಾಯಿತಿ ಎಲ್ಲೆಯಲ್ಲಿ, ಕಾಫಿ ಹೋಗುವುದು ಬೇರೆ ಊರಿನ ಕ್ಯೂರಿಂಗ್ ಕಾರ್ಖಾನೆಗಳಿಗೆ ಮತ್ತು ರಫ್ತಿಗೆ. ಪಟ್ಟಣಕ್ಕೆ ದಕ್ಕುವುದು ಅಂಗಡಿಗಳ ಲಾಭ ಮಾತ್ರ. ಆದ್ದರಿಂದ ಸಣ್ಣ ಊರಿಗೆ ಅಧಿಕಾರ ಬೇಕೆಂಬ ಮಾತಿನ ಜೊತೆಗೆ, ಊರು-ಊರುಗಳ ನಡುವೆ ಸಮತೋಲನ ಮಾಡುವ ಅನುದಾನವೂ ಬೇಕೆಂಬ ಮಾತನ್ನು ಸೇರಿಸಬೇಕು. ಅಲ್ಲಿ ರಾಜ್ಯವು ಬಡ ಊರಿಗೆ ಹೆಚ್ಚು, ಶ್ರೀಮಂತ ಊರಿಗೆ ಕಡಿಮೆ ಎಂಬ ಸೂತ್ರದಂತೆ ಹಂಚುವುದರಿಂದಲೇ ವ್ಯವಸ್ಥೆ ನಿಂತಿದೆ.

ಮಲೆನಾಡ ಓದುಗ (ಚಿಕ್ಕಮಗಳೂರು) ಬರೆದಿದ್ದಾರೆ

ಇಷ್ಟು ವಿವರವಾಗಿ ಬರೆದ ಎಲ್ಲ ಹಿರಿಯರಿಗೂ ಕೃತಜ್ಞತೆಗಳು. ಬೆಳೆಗಾರರ ಆಕ್ಷೇಪಣೆ ಸರಿಯೆಂದೇ ನನಗೂ ತೋರುತ್ತದೆ. ಹಳ್ಳಿಗಳ ಸೇರ್ಪಡೆಯ ಭಾಗ ಇನ್ನೂ ಉಳಿದಿದೆ: ಬೇರೆ ಒಡೆಯರು, ಬೇರೆ ಚರ್ಚುಗಳಿದ್ದ ಆ ಹಳ್ಳಿಗಳು ಪಟ್ಟಣಕ್ಕೆ ಸೇರಲು ಹೇಗೆ ಒಪ್ಪಿದವು, ಸೇರಿದ ಮೇಲೆ ಅವುಗಳ ಪ್ರತಿನಿಧಿಗಳು ಸಭೆಗೆ ಬರುವುದು ಹೇಗೆ?

ನೆಕಾರ್ ದಡದ ಹಾಸನಿಗ ಉತ್ತರಿಸಿದ್ದಾರೆ

ಮೇಷ್ಟ್ರೇ, ಪೂರ್ತಿ ಮನಸ್ಸಿನಿಂದ ಒಪ್ಪಿದವು ಎನ್ನಲಾಗದು. 1960ರ ದಶಕದ ಕೊನೆಯಲ್ಲಿ ಈ ರಾಜ್ಯದಲ್ಲಿ 3,379 ಸ್ವತಂತ್ರ ಊರುಗಳಿದ್ದವು. 1975ರ ಹೊತ್ತಿಗೆ ಅವು 1,111ಕ್ಕೆ ಇಳಿದವು. 1973ರಲ್ಲಿ ಜಿಲ್ಲೆಗಳೂ 63ರಿಂದ 35ಕ್ಕೆ ಇಳಿದವು. ಮೊದಲು ಸ್ವಇಚ್ಛೆಯಿಂದ ಸೇರುವ ಹಳ್ಳಿಗಳಿಗೆ ಸರ್ಕಾರ ಹೆಚ್ಚುವರಿ ಅನುದಾನದ ಆಸೆ ತೋರಿಸಿತು, ಗಡುವು ಮೀರಿದ ಮೇಲೆ ಉಳಿದವುಗಳ ವಿಷಯವನ್ನು ಕಾನೂನಿನಿಂದಲೇ ತೀರ್ಮಾನಿಸಿತು. ಬೊಟೆನ್‌ಹೈಮ್, ಡ್ಯೂರನ್‌ತ್ಸಿಮರ್ನ್, ಹಾಬರ್‌ಶ್ಲಾಖ್ಟ್, ಹೌಸನ್, ಮೈಮ್ಸ್‌ಹೈಮ್, ನೈಪರ್ಗ್, ಸ್ಟಾಕ್‌ಹೈಮ್ ಎಂಬ ಏಳು ಊರುಗಳು ಬ್ರಾಕನ್‌ಹೈಮ್‌ನೊಳಗೆ ಬಂದದ್ದು ಆ ವರ್ಷಗಳಲ್ಲಿಯೇ. ಪಕ್ಕದ ಕ್ಲೇಬ್ರಾನ್ ಮಾತ್ರ ಸೇರದೆ ಸ್ವತಂತ್ರವಾಗಿ ಉಳಿಯಿತು. ಆದರೂ ಕೆಲವು ಕಚೇರಿ ಕೆಲಸಗಳನ್ನು ಬ್ರಾಕನ್‌ಹೈಮ್‌ನೊಂದಿಗೆ ಒಪ್ಪಂದ ಮಾಡಿಕೊಂಡು ಜಂಟಿಯಾಗಿ ನಡೆಸುತ್ತದೆ. ನನ್ನ ಮಟ್ಟಿಗೆ ಹಾಸನದ ಸುತ್ತಲಿನ ಹಳ್ಳಿಗಳು ಗಮನಿಸಬೇಕಾದದ್ದು ಈ ಕ್ಲೇಬ್ರಾನ್‌ನ ದಾರಿ. ಒಂದೋ ನಗರದೊಳಗೆ ಕರಗು, ಇಲ್ಲವೇ ಒಂಟಿಯಾಗಿರು ಎಂಬ ಎರಡರ ನಡುವೆ ಮೂರನೆಯ ಆಯ್ಕೆಯೊಂದಕ್ಕೆ ಅಲ್ಲಿನ ಕಾಯ್ದೆ ಜಾಗ ಇಟ್ಟಿದೆ.

ಸೇರಿದ ಹಳ್ಳಿಗಳಿಗೂ ಕಾಯ್ದೆ ಎರಡು ಆಸರೆ ಕೊಟ್ಟಿದೆ. ಪಟ್ಟಣ ಬಯಸಿದರೆ ಹಳ್ಳಿಗೊಂದು ಸಲಹಾ ಸಭೆಯನ್ನೂ ಅದಕ್ಕೊಬ್ಬ ಮುಖ್ಯಸ್ಥರನ್ನೂ ಇಟ್ಟುಕೊಳ್ಳಬಹುದು. ಹಳ್ಳಿಗೆ ಸಂಬಂಧಿಸಿದ ಮುಖ್ಯ ವಿಷಯಗಳಲ್ಲಿ ಅದರ ಅಭಿಪ್ರಾಯ ಕೇಳಲೇಬೇಕು. ಎರಡನೆಯದಾಗಿ, ಪುರಸಭೆಯ ಸ್ಥಾನಗಳಲ್ಲಿ ಇಂತಿಷ್ಟು ಇಂತಹ ಹಳ್ಳಿಯವರಿಗೆ ಎಂದು ಪಟ್ಟಣದ ನಿಯಮಾವಳಿಯಲ್ಲಿ ಗೊತ್ತುಮಾಡಬಹುದು. ಆದರೆ ಅದು ನಮ್ಮ ವಾರ್ಡಿನಂತಲ್ಲ: ಸದಸ್ಯ ಆ ಹಳ್ಳಿಯವನಾಗಿರಬೇಕು, ಮತ ಹಾಕುವವರು ಮಾತ್ರ ಇಡೀ ಪಟ್ಟಣದವರು. ಹೀಗಾಗಿ ಹಳ್ಳಿಯ ಪ್ರತಿನಿಧಿ ತನ್ನ ಬೀದಿಯ ದೀಪದ ಬಗ್ಗೆ ಮಾತ್ರ ಮಾತಾಡಿ ಗೆಲ್ಲಲಾರ.

ಮತದಾನದ ಕ್ರಮವೂ ಬೇರೆ. ಎಷ್ಟು ಸ್ಥಾನವೋ ಅಷ್ಟು ಮತ ಪ್ರತಿ ಮತದಾರರಿಗೆ. 22 ಸ್ಥಾನವಿದ್ದರೆ 22 ಮತ. ಮೆಚ್ಚಿದ ಅಭ್ಯರ್ಥಿಗೆ ಮೂರರವರೆಗೆ ಹಾಕಬಹುದು, ಒಂದು ಪಟ್ಟಿಯಿಂದ ಕೆಲವರನ್ನೂ ಇನ್ನೊಂದರಿಂದ ಕೆಲವರನ್ನೂ ಆರಿಸಿಕೊಳ್ಳಬಹುದು. ಲೆಕ್ಕ ತಪ್ಪಬಾರದೆಂದು ಮತಪತ್ರಗಳನ್ನು ಮುಂಚೆಯೇ ಮನೆಗೆ ಕಳುಹಿಸುತ್ತಾರೆ, ಜನ ಊಟದ ಮೇಜಿನ ಮೇಲೆ ಹರಡಿಕೊಂಡು ತುಂಬುತ್ತಾರೆ. ಹದಿನಾರು ತುಂಬಿದವರಿಗೆ ಮತವಿದೆ. ಯುರೋಪ್ ಒಕ್ಕೂಟದ ಬೇರೆ ದೇಶಗಳ ಪ್ರಜೆಗಳಿಗೂ ಇದೆ, ನನ್ನಂತಹ ಭಾರತೀಯರಿಗಿಲ್ಲ. ಇದಲ್ಲದೆ ಶೇ. 7ರಷ್ಟು ಮತದಾರರು ಸಹಿ ಮಾಡಿದರೆ ಒಂದು ವಿಷಯವನ್ನು ಊರಿನ ನೇರ ಮತಕ್ಕೆ ಹಾಕಿಸಬಹುದು. ಗೆಲ್ಲಲು ಬಹುಮತ ಬೇಕು, ಆ ಬಹುಮತ ಒಟ್ಟು ಮತದಾರರ ಶೇ. 20ಕ್ಕಿಂತ ಕಡಿಮೆಯಿರಬಾರದು. ಬಜೆಟ್ಟು ಮತ್ತು ತೆರಿಗೆ ದರಗಳನ್ನು ಮಾತ್ರ ಹೀಗೆ ಮತಕ್ಕೆ ಹಾಕುವಂತಿಲ್ಲ.

ಶಾಸನಾಸಕ್ತ (ಬೇಲೂರು) ಬರೆದಿದ್ದಾರೆ

ಹಾಸನಿಗರೇ, ಅಲ್ಲಿಗೆ ಹೋಗುವವರಿಗೆ ರೈಲು ಉಂಟೇ? ತ್ಸಾಬರ್ ಕಣಿವೆಯಲ್ಲಿ ಹಳೆಯ ಕಿರುಹಳಿಯೊಂದಿತ್ತೆಂದು ಓದಿದ್ದೆ.

ನೆಕಾರ್ ದಡದ ಹಾಸನಿಗ ಉತ್ತರಿಸಿದ್ದಾರೆ

ಇತ್ತು. ಲೌಫೆನ್‌ನಿಂದ ಬ್ರಾಕನ್‌ಹೈಮ್ ಮೂಲಕ ಗ್ಯುಗ್ಲಿಂಗೆನ್‌ವರೆಗೆ 1896ರಲ್ಲಿ 750 ಮಿಲಿಮೀಟರಿನ ಹಳಿ ಹಾಕಿದ್ದರು, 1901ರಲ್ಲಿ ಅದು ಲಿಯೋನ್‌ಬ್ರಾನ್ ಮುಟ್ಟಿತು. 1960ರ ದಶಕದಲ್ಲಿ ಖರ್ಚು ಮಾಡಿ ಅಲ್ಲಿನ ಸಾಮಾನ್ಯ ಅಳತೆಯ ಹಳಿಗೆ ಬದಲಾಯಿಸಿದರು. ಆದರೂ 1986ರಲ್ಲಿ ಪ್ರಯಾಣಿಕರ ಸಂಚಾರ ನಿಂತಿತು. ಮತ್ತೆ ಆರಂಭಿಸಬೇಕೆಂಬ ಬೇಡಿಕೆ ಪದೇ ಪದೇ ಕೇಳಿಬರುತ್ತದೆ; ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬರಲು 2013ರವರೆಗೆ ಕಾದವರಿಗೆ ಅದರ ಧಾಟಿ ಪರಿಚಿತವೇ. ಸದ್ಯಕ್ಕೆ ಸ್ಟುಟ್‌ಗಾರ್ಟ್-ಹೈಲ್‌ಬ್ರಾನ್ ಮಾರ್ಗದ ರೈಲಿನಲ್ಲಿ ಲೌಫೆನ್‌ಗೆ ಬಂದು ಇಳಿದು, ಅಲ್ಲಿಂದ ಬಸ್ಸು ಹಿಡಿಯಬೇಕು.